ಉದ್ದ ಬೆಳೆದ ಟಿಪ್ಪಣಿ ಕಡತದಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗುವುದು ಹೇಗೆ?

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ದೇವಾಲಯಗಳನ್ನು ನೋಡಿಬಂದಾಗಲೆಲ್ಲ ನಾನು ಟಿಪ್ಪಣಿಗಳನ್ನು ಒಂದೇ ಕಡತದಲ್ಲಿ ಬರೆದಿಡುತ್ತೇನೆ. ಕಡತ ಚಿಕ್ಕದಿದ್ದಾಗ ಯಾವ ತೊಂದರೆಯೂ ಇರಲಿಲ್ಲ. ಅದು ಸಾವಿರಾರು ಸಾಲು ದಾಟಿದ ಮೇಲೆ, ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯದ ಕಂಬಗಳ ಬಗ್ಗೆ ಒಂದು ಮಾತು ಸೇರಿಸಬೇಕೆಂದರೂ ಮೌಸ್ ಚಕ್ರವನ್ನು ತಿರುಗಿಸುತ್ತಾ ಪುಟಗಟ್ಟಲೆ ಇಳಿಯಬೇಕಾಗುತ್ತಿತ್ತು, ಇಳಿದ ಮೇಲೆ ಯಾವ ತಾಲ್ಲೂಕಿನ ಯಾವ ಊರಿನಲ್ಲಿದ್ದೇನೆಂಬುದೇ ತಿಳಿಯುತ್ತಿರಲಿಲ್ಲ. ಇಂಥ ಕಡತದಲ್ಲಿ ಸಾಲುಗಳನ್ನು ಎಣಿಸುತ್ತಾ ಓಡಾಡಬಾರದು. ಶೀರ್ಷಿಕೆಗಳ ನಡುವಿನ ಸಂಬಂಧವನ್ನು ಹಿಡಿದು ಓಡಾಡಬೇಕು. ಇಮ್ಯಾಕ್ಸ್ ಎಂಬ ಉಚಿತ ಪಠ್ಯ ಸಂಪಾದಕದ ಆರ್ಗ್ ಮೋಡ್‌ನಲ್ಲಿ ಅದು ಸಾಧ್ಯ. ಇದನ್ನು 2003ರಲ್ಲಿ ಆರಂಭಿಸಿದವರು ಆಮ್‌ಸ್ಟರ್‌ಡ್ಯಾಮ್‌ನ ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್. 2007ರಲ್ಲಿ ಬಂದ ಇಮ್ಯಾಕ್ಸ್‌ನ 22ನೆಯ ಆವೃತ್ತಿಯಿಂದ ಅದು ಸಂಪಾದಕದೊಳಗೇ ಸೇರಿರುವುದರಿಂದ ಬೇರೆಯಾಗಿ ಹಾಕಿಕೊಳ್ಳಬೇಕಾಗಿಲ್ಲ.

ಕಡತದ ಹೆಸರಿನ ಕೊನೆಗೆ ಡಾಟ್ ಓಆರ್‌ಜಿ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಆರ್ಗ್ ಮೋಡ್ ತಾನಾಗಿ ತೆರೆದುಕೊಳ್ಳುತ್ತದೆ. ಸಾಲಿನ ಮೊದಲಲ್ಲೇ ನಕ್ಷತ್ರ ಚಿಹ್ನೆ, ಅದರ ನಂತರ ಒಂದು ಖಾಲಿ ಜಾಗ ಇದ್ದರೆ ಆ ಸಾಲು ಶೀರ್ಷಿಕೆ. ನಕ್ಷತ್ರಗಳು ಎಷ್ಟೋ ಅಷ್ಟು ಆಳದ ಶೀರ್ಷಿಕೆ ಅದು. ನನ್ನ ಕಡತದ ಒಂದು ತುಣುಕು ಹೀಗಿದೆ:

* ಮಂಡ್ಯ ಜಿಲ್ಲೆ
** ಮಂಡ್ಯ ತಾಲ್ಲೂಕು
*** ಬಸರಾಳು
**** ಮಲ್ಲಿಕಾರ್ಜುನ ದೇವಾಲಯ
** ಕೃಷ್ಣರಾಜಪೇಟೆ ತಾಲ್ಲೂಕು
*** ಕಿಕ್ಕೇರಿ
*** ಗೋವಿಂದನಹಳ್ಳಿ
*** ಹೊಸಹೊಳಲು
* ಮೈಸೂರು ಜಿಲ್ಲೆ
** ತಿರುಮಕೂಡಲು ನರಸೀಪುರ ತಾಲ್ಲೂಕು
*** ತಲಕಾಡು
*** ಸೋಮನಾಥಪುರ

ಮುಂದೆ ಹೋಗುವ ಮೊದಲು ಕನ್ನಡದಲ್ಲಿ ಬರೆಯುವವರು ಕೀಲಿಮಣೆಯ ಒಂದು ವಿಷಯವನ್ನು ಸರಿಪಡಿಸಿಕೊಳ್ಳಬೇಕು. ಕಂಪ್ಯೂಟರಿನ ಕೀಲಿಮಣೆಯನ್ನೇ ಕನ್ನಡಕ್ಕೆ ಬದಲಾಯಿಸಿಕೊಂಡರೆ ಕಂಟ್ರೋಲ್ ಕೀಲಿಯ ಜೊತೆ ಒತ್ತಿದ ಅಕ್ಷರವೂ ಕನ್ನಡದ್ದಾಗಿ, ಆಜ್ಞೆ ಇಮ್ಯಾಕ್ಸ್‌ಗೆ ಅರ್ಥವಾಗದೆ ಹೋಗಬಹುದು. ಆದ್ದರಿಂದ ಕಂಪ್ಯೂಟರಿನ ಕೀಲಿಮಣೆಯನ್ನು ಇಂಗ್ಲಿಷಿನಲ್ಲೇ ಬಿಟ್ಟು, ಇಮ್ಯಾಕ್ಸ್‌ನ ಒಳಗೇ ಕಂಟ್ರೋಲ್ ಮತ್ತು ಬ್ಯಾಕ್‌ಸ್ಲ್ಯಾಶ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಮೊದಲ ಸಲ ಅದು ಬರವಣಿಗೆಯ ವಿಧಾನದ ಹೆಸರು ಕೇಳುತ್ತದೆ. ಕನ್ನಡ–ಐಟ್ರಾನ್ಸ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಅಲ್ಲಿಂದ ಮುಂದೆ ಪಠ್ಯ ಕನ್ನಡದಲ್ಲಿ ಮೂಡುತ್ತದೆ, ಆಜ್ಞೆಗಳು ಮಾತ್ರ ಎಂದಿನಂತೆ ನಡೆಯುತ್ತವೆ.

ಈಗ ಮಡಿಸುವುದನ್ನು ಕಲಿಯೋಣ. ಕರ್ಸರನ್ನು ಶೀರ್ಷಿಕೆಯ ಸಾಲಿನಲ್ಲಿಟ್ಟು ಟ್ಯಾಬ್ ಒತ್ತಿದರೆ ಆ ಶೀರ್ಷಿಕೆಯ ಕೆಳಗಿನದೆಲ್ಲ ಮಡಿಸಿಕೊಳ್ಳುತ್ತದೆ. ಮತ್ತೊಮ್ಮೆ ಒತ್ತಿದರೆ ಅದರ ನೇರ ಉಪಶೀರ್ಷಿಕೆಗಳು ಕಾಣುತ್ತವೆ. ಮೂರನೆಯ ಸಲ ಒಳಗಿನ ಪಠ್ಯವೆಲ್ಲ ಬಿಚ್ಚಿಕೊಳ್ಳುತ್ತದೆ. ಪಠ್ಯದ ನಡುವೆ ನಿಂತು ಒತ್ತಿದರೆ ಹೀಗಾಗುವುದಿಲ್ಲ, ಕರ್ಸರ್ ಶೀರ್ಷಿಕೆಯ ಮೇಲೇ ಇರಬೇಕು. ಶಿಫ್ಟ್–ಟ್ಯಾಬ್ ಇದನ್ನೇ ಇಡೀ ಕಡತಕ್ಕೆ ಮಾಡುತ್ತದೆ, ಎಲ್ಲಿ ನಿಂತಿದ್ದರೂ ಸರಿಯೇ. ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ನನಗೆ ದಿನವೂ ಉಪಯೋಗಕ್ಕೆ ಬರುವುದು ಇದರ ಮುಂದಿನ ಹೆಜ್ಜೆ: ಆಲ್ಟ್ ಹಿಡಿದು 2 ಒತ್ತಿ, ಆಮೇಲೆ ಶಿಫ್ಟ್–ಟ್ಯಾಬ್ ಒತ್ತಿದರೆ ಎರಡನೆಯ ಹಂತದವರೆಗಿನ ಶೀರ್ಷಿಕೆಗಳು ಮಾತ್ರ ಉಳಿಯುತ್ತವೆ. ನನ್ನ ಕಡತದಲ್ಲಿ ಹಾಗೆಂದರೆ ಜಿಲ್ಲೆ ಮತ್ತು ತಾಲ್ಲೂಕುಗಳ ಪಟ್ಟಿ. ಸಂಖ್ಯೆಯನ್ನು 3 ಮಾಡಿದರೆ ಊರುಗಳೂ ಬರುತ್ತವೆ.

ಓಡಾಟಕ್ಕೆ ಐದು ಆಜ್ಞೆಗಳಿದ್ದು, ಐದೂ ಕಂಟ್ರೋಲ್–ಸಿ ಒತ್ತುವುದರಿಂದಲೇ ಆರಂಭವಾಗುತ್ತವೆ. ಅದರ ನಂತರ ಕಂಟ್ರೋಲ್–ಎನ್ ಒತ್ತಿದರೆ ಮುಂದಿನ ಶೀರ್ಷಿಕೆಗೂ ಕಂಟ್ರೋಲ್–ಪಿ ಒತ್ತಿದರೆ ಹಿಂದಿನದಕ್ಕೂ ಹೋಗುತ್ತೀರಿ. ಪಠ್ಯದ ಮಧ್ಯದಲ್ಲಿದ್ದಾಗ ಕಂಟ್ರೋಲ್–ಪಿ ನಿಮ್ಮನ್ನು ಆ ಪಠ್ಯದ ಸ್ವಂತ ಶೀರ್ಷಿಕೆಗೇ ತಲುಪಿಸುತ್ತದೆ. ಈ ಎರಡೂ ಆಜ್ಞೆಗಳು ಕಣ್ಣಿಗೆ ಕಾಣುವ ಶೀರ್ಷಿಕೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ ಎಂಬುದನ್ನು ಮನಸ್ಸಿನಲ್ಲಿಡಿ. ಕಡತವನ್ನು ಎರಡನೆಯ ಹಂತಕ್ಕೆ ಮಡಿಸಿಟ್ಟರೆ ಅದೇ ಕಂಟ್ರೋಲ್–ಎನ್ ಊರುಗಳನ್ನೆಲ್ಲ ಬಿಟ್ಟು ತಾಲ್ಲೂಕಿನಿಂದ ತಾಲ್ಲೂಕಿಗೆ ನಡೆಯುತ್ತದೆ.

ಕಂಟ್ರೋಲ್–ಎಫ್ ಮತ್ತು ಕಂಟ್ರೋಲ್–ಬಿ ಒಂದೇ ಹಂತದ ಅಣ್ಣತಮ್ಮಂದಿರ ಸಾಲಿನಲ್ಲಿ ಮುಂದಕ್ಕೂ ಹಿಂದಕ್ಕೂ ಒಯ್ಯುತ್ತವೆ. ಕಿಕ್ಕೇರಿಯ ಶೀರ್ಷಿಕೆಯಲ್ಲಿ ನಿಂತು ಕಂಟ್ರೋಲ್–ಸಿ, ಕಂಟ್ರೋಲ್–ಎಫ್ ಒತ್ತಿದರೆ ಕೆಳಗೆ ಎಷ್ಟೇ ಪಠ್ಯವಿದ್ದರೂ ನೇರವಾಗಿ ಗೋವಿಂದನಹಳ್ಳಿಗೆ, ಮತ್ತೊಮ್ಮೆ ಒತ್ತಿದರೆ ಹೊಸಹೊಳಲಿಗೆ. ಅಲ್ಲಿಂದ ಮುಂದೆ ಅದು ಕದಲುವುದಿಲ್ಲ. ತಲಕಾಡೂ ಮೂರು ನಕ್ಷತ್ರದ ಊರೇ ಆದರೂ ಅದು ಬೇರೆ ತಾಲ್ಲೂಕಿನದು. ಒಂದು ಮನೆಯ ಮಕ್ಕಳನ್ನು ಇನ್ನೊಂದು ಮನೆಯ ಮಕ್ಕಳ ಜೊತೆ ಈ ಆಜ್ಞೆ ಬೆರೆಸುವುದಿಲ್ಲ. ಆಗ ಬೇಕಾಗುವುದು ಐದನೆಯ ಆಜ್ಞೆಯಾದ ಕಂಟ್ರೋಲ್–ಸಿ, ಕಂಟ್ರೋಲ್–ಯು. ಅದು ಊರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಹೀಗೆ ತಾಯಿ ಶೀರ್ಷಿಕೆಗೆ ಹತ್ತಿಸುತ್ತದೆ. ಐದರಲ್ಲಿ ಒಂದನ್ನೇ ಮೊದಲು ಕಲಿಯುವುದಾದರೆ ಇದನ್ನೇ ಕಲಿಯಿರಿ ಎನ್ನುತ್ತೇನೆ. ದೊಡ್ಡ ಕಡತದಲ್ಲಿ ದಾರಿ ತಪ್ಪಿದವರಿಗೆ ಮೊದಲು ತಿಳಿಯಬೇಕಾದದ್ದು ತಾವು ಯಾರ ಕೆಳಗೆ ನಿಂತಿದ್ದೇವೆ ಎಂಬುದು.

ಕೆಲವೊಮ್ಮೆ ನಾವು ಹುಡುಕುವ ವಿಷಯ ಈ ಕೊಂಬೆಗಳ ಕ್ರಮಕ್ಕೆ ಒಗ್ಗುವುದಿಲ್ಲ. ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮನ ಹೆಸರು ಗೋವಿಂದನಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಸಿಗುತ್ತದೆ. ಒಂದು ಮಂಡ್ಯ ಜಿಲ್ಲೆ, ಇನ್ನೊಂದು ಮೈಸೂರು ಜಿಲ್ಲೆ. ಕಂಟ್ರೋಲ್–ಸಿ ಒತ್ತಿ, ಓರೆಗೆರೆಯನ್ನು (/) ಎರಡು ಸಲ ಒತ್ತಿ, ಮಲ್ಲಿತಮ್ಮ ಎಂದು ಬರೆದು ಎಂಟರ್ ಕೊಟ್ಟರೆ, ಇಡೀ ಕಡತ ಮಡಿಸಿಕೊಂಡು ಆ ಹೆಸರಿರುವ ಸಾಲುಗಳೂ ಅವುಗಳ ಮೇಲಿನ ಊರು, ತಾಲ್ಲೂಕು, ಜಿಲ್ಲೆಯ ಶೀರ್ಷಿಕೆಗಳೂ ತೆರೆದು ನಿಲ್ಲುತ್ತವೆ. ಸಾಮಾನ್ಯ ಹುಡುಕಾಟ ಒಂದೊಂದೇ ಸಾಲನ್ನು ತೋರಿಸುತ್ತದೆ. ಇದು ಆ ಸಾಲಿನ ವಂಶಾವಳಿಯ ಸಹಿತ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಕಂಟ್ರೋಲ್–ಸಿಯನ್ನು ಎರಡು ಸಲ ಒತ್ತಿದರೆ ಹುಡುಕಾಟದ ಬಣ್ಣ ಅಳಿಯುತ್ತದೆ.

ಶೀರ್ಷಿಕೆಗಳ ಜಾಗ ಬದಲಿಸುವುದಕ್ಕೆ ಆಲ್ಟ್ ಮತ್ತು ಬಾಣದ ಕೀಲಿಗಳಿವೆ. ಮೇಲಿನ, ಕೆಳಗಿನ ಬಾಣಗಳು ಇಡೀ ಕೊಂಬೆಯನ್ನು ಅದರ ಒಳಗಿನ ಪಠ್ಯದೊಂದಿಗೆ ಸರಿಸುತ್ತವೆ. ಎಡ, ಬಲ ಬಾಣಗಳು ಹಂತವನ್ನು ಬದಲಿಸುತ್ತವೆ, ಆದರೆ ಆ ಒಂದು ಶೀರ್ಷಿಕೆಯದನ್ನು ಮಾತ್ರ. ಬಸರಾಳಿನ ಮೇಲೆ ಆಲ್ಟ್–ಬಲಬಾಣ ಒತ್ತಿದರೆ ಅದಕ್ಕೆ ನಾಲ್ಕು ನಕ್ಷತ್ರಗಳಾಗಿ, ಅದರೊಳಗಿದ್ದ 1234ರ ಮಲ್ಲಿಕಾರ್ಜುನ ದೇವಾಲಯ ಅದರ ಮಗುವಾಗಿ ಉಳಿಯದೆ ಪಕ್ಕದ ಸಾಲಿಗೆ ಬಂದುಬಿಡುತ್ತದೆ. ಒಳಗಿನದೂ ಜೊತೆಯಲ್ಲಿ ಬರಬೇಕಾದರೆ ಆಲ್ಟ್ ಜೊತೆಗೆ ಶಿಫ್ಟನ್ನೂ ಹಿಡಿಯಬೇಕು.

ಇದಕ್ಕಿಂತ ದೊಡ್ಡ ಅಪಾಯ ಮಡಿಸಿದ ಶೀರ್ಷಿಕೆಯನ್ನು ಅಳಿಸುವುದರಲ್ಲಿದೆ. ಒಮ್ಮೆ ಹೊಸಹೊಳಲು ಎಂಬ ಹೆಸರಿನಲ್ಲಿ ಅಕ್ಷರ ತಪ್ಪಿತ್ತೆಂದು ಸಾಲಿನ ಮೊದಲಿಗೆ ಹೋಗಿ ಕಂಟ್ರೋಲ್–ಕೆ ಒತ್ತಿ, ಹೊಸದಾಗಿ ಬರೆದು, ಕಡತವನ್ನು ಉಳಿಸಿದೆ. ಶೀರ್ಷಿಕೆ ಮಡಿಸಿತ್ತು. ಲಕ್ಷ್ಮೀನಾರಾಯಣ ದೇವಾಲಯದ ಭಿತ್ತಿಯ ಬಗ್ಗೆ ಎರಡು ಭೇಟಿಗಳಲ್ಲಿ ಬರೆದಿದ್ದೆಲ್ಲ ಆ ಒಂದು ಸಾಲಿನ ಜೊತೆಗೇ ಹೋಗಿತ್ತು. ಸಂಜೆ ಅದನ್ನು ಗಮನಿಸಿದಾಗ ನನ್ನ ಕೈ ತಣ್ಣಗಾಯಿತು. ಇಮ್ಯಾಕ್ಸನ್ನು ಮುಚ್ಚಿರಲಿಲ್ಲವಾದ್ದರಿಂದ ಕಂಟ್ರೋಲ್ ಮತ್ತು ಓರೆಗೆರೆಯನ್ನು ಮತ್ತೆ ಮತ್ತೆ ಒತ್ತಿ ಹಿಂದಕ್ಕೆ ಹೋಗಲು ಸಾಧ್ಯವಾಯಿತು; ಉಳಿಸಿದ ನಂತರವೂ ಅದು ಹಿಂದಿನ ಸ್ಥಿತಿಗಳನ್ನು ನೆನಪಿಟ್ಟಿರುತ್ತದೆ. ಮಡಿಸಿದ ಕೊಂಬೆಯನ್ನು ಹೀಗೆ ಕತ್ತರಿಸುವ ಮೊದಲು ನಮ್ಮನ್ನು ಕೇಳುವಂತೆ ಮಾಡುವ ಆಯ್ಕೆಯೊಂದು ಆರ್ಗ್ ಮೋಡ್‌ನಲ್ಲಿದೆ. ‘ಆರ್ಗ್–ಸಿಟಿಆರ್‌ಎಲ್–ಕೆ–ಪ್ರೊಟೆಕ್ಟ್–ಸಬ್‌ಟ್ರೀ’ ಎಂಬ ಅದನ್ನು ಮೊದಲ ದಿನವೇ ಚಾಲನೆ ಮಾಡಿಕೊಳ್ಳಿ.

ಒಂದೇ ಊರಿನ ಬಗ್ಗೆ ಬಹಳ ಹೊತ್ತು ಬರೆಯುವುದಿದ್ದರೆ ಅದರೊಳಗೆ ಕರ್ಸರ್ ಇಟ್ಟು ಕಂಟ್ರೋಲ್–ಎಕ್ಸ್ ಒತ್ತಿ, ನಂತರ ಬರಿಯ ಎನ್, ಎಸ್ ಅಕ್ಷರಗಳನ್ನು ಒತ್ತಿ. ಆ ಕೊಂಬೆಯೊಂದೇ ಪರದೆಯ ಮೇಲೆ ಉಳಿಯುತ್ತದೆ. ಮೊದಲ ಸಲ ನೋಡುವವರು ಉಳಿದ ಕಡತ ಅಳಿಸಿಹೋಯಿತೆಂದು ಗಾಬರಿಯಾಗುತ್ತಾರೆ. ಹಾಗೇನೂ ಆಗಿರುವುದಿಲ್ಲ, ಈ ಸ್ಥಿತಿಯಲ್ಲಿ ಉಳಿಸಿದರೂ ಇಡೀ ಕಡತವೇ ಉಳಿಯುತ್ತದೆ. ಬರೆದು ಮುಗಿದ ಮೇಲೆ ಕಂಟ್ರೋಲ್–ಎಕ್ಸ್, ಎನ್, ಡಬ್ಲ್ಯು ಒತ್ತಿದರೆ ಎರಡೂ ಜಿಲ್ಲೆಗಳು ಮರಳಿ ಕಾಣಿಸಿಕೊಳ್ಳುತ್ತವೆ, ಕರ್ಸರ್ ನೀವು ಬರೆಯುತ್ತಿದ್ದ ಸಾಲಿನಲ್ಲೇ ಇರುತ್ತದೆ.