ಮನೆ ಹಗುರಾಗಬೇಕೆ? ನಿಮ್ಮ ಕೈ ಎಲ್ಲಿ ತಡೆಯುತ್ತದೆ ಎಂದು ಮೊದಲು ನೋಡಿ

ಬೇಡದ ಸಾಮಾನು ತೆಗೆದು ಮನೆಯನ್ನು ಹಗುರಗೊಳಿಸಲು ಹೆಸರುವಾಸಿ ವಿಧಾನಗಳು ಬೇಕಾದಷ್ಟಿವೆ. ಹೆಚ್ಚಿನವರು ಎಲ್ಲೆಡೆ ಕೇಳಿಬರುವ ಒಂದನ್ನು ಹಿಡಿದು ರಜಾ ದಿನದ ಬೆಳಿಗ್ಗೆ ಹುಮ್ಮಸ್ಸಿನಿಂದ ಶುರು ಮಾಡುತ್ತಾರೆ. ಸಂಜೆಯ ಹೊತ್ತಿಗೆ ಮಂಚದ ಮೇಲೆ ಬಟ್ಟೆಯ ಗುಡ್ಡೆ, ನೆಲದ ಮೇಲೆ ಕಾಗದಗಳು. ಮಲಗಲು ಜಾಗ ಬೇಕಲ್ಲ, ಎಲ್ಲವೂ ಮತ್ತೆ ಕಪಾಟಿಗೆ ಹೋಗುತ್ತದೆ. ಇಂಥವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಪ್ರತಿ ವಿಧಾನವೂ ಒಂದು ನಿರ್ದಿಷ್ಟ ತೊಡಕನ್ನು ಬಿಡಿಸಲೆಂದು ಹುಟ್ಟಿರುತ್ತದೆ. ನಿಮ್ಮ ತೊಡಕು ಬೇರೆಯದಾದರೆ ಅದು ಕೈಕೊಡುತ್ತದೆ.

ಹಂತ 1: ಒಂದು ಡ್ರಾಯರ್, 20 ನಿಮಿಷ

ಯಾವ ವಿಧಾನವನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಒಂದೇ ಒಂದು ಡ್ರಾಯರ್ ತೆರೆಯಿರಿ. ಮೊಬೈಲ್‌ನಲ್ಲಿ 20 ನಿಮಿಷಕ್ಕೆ ಟೈಮರ್ ಇಡಿ. ಹಳೆಯ ಚಾರ್ಜರ್, ಅರ್ಧ ಖಾಲಿಯಾದ ಪೆನ್ನು, ಯಾವ ಬೀಗದ್ದೆಂದು ಗೊತ್ತಿಲ್ಲದ ಕೀಲಿಗಳು ತುಂಬಿರುವ ಡ್ರಾಯರ್ ಪ್ರತಿ ಮನೆಯಲ್ಲೂ ಇರುತ್ತದೆ; ಅದೇ ಆಗಲಿ. ಡ್ರಾಯರ್ ಎಷ್ಟು ಖಾಲಿಯಾಯಿತು ಎಂಬುದು ಇಲ್ಲಿ ಮುಖ್ಯವಲ್ಲ. ನಿಮ್ಮ ಕೈ ಎಲ್ಲಿ ತಡೆಯಿತು, ಆಗ ಮನಸ್ಸಿಗೆ ಬಂದ ಮಾತೇನು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಆ ಮಾತುಗಳು ಹೆಚ್ಚಾಗಿ ನಾಲ್ಕು ಬಗೆಯವು. ‘ಮುಂದೆ ಬೇಕಾದರೆ?’ ‘ಇದಕ್ಕೆಲ್ಲ ಸಮಯ ಎಲ್ಲಿದೆ?’ ‘ಇದು ಅಪ್ಪ ಕೊಟ್ಟದ್ದು.’ ‘ಇದು ನನ್ನದಲ್ಲ, ಏನು ಮಾಡಲಿ?’ ಯಾವುದು ಹೆಚ್ಚು ಸಲ ಬಂದಿದೆ ಎಂದು ನೋಡಿಕೊಂಡು ಮುಂದಿನ ಹಂತಕ್ಕೆ ಬನ್ನಿ.

ಹಂತ 2: ತೊಡಕಿಗೆ ತಕ್ಕ ವಿಧಾನ

‘ಮುಂದೆ ಬೇಕಾದರೆ?’ ಎನ್ನುವವರು ಬಹಳ. ಇದಕ್ಕೆ ಕಾರಣವೂ ಇದೆ. ಸಂಶೋಧಕರಾದ ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಸಾಧಾರಣ ಕಾಫಿ ಮಗ್ ಕೊಡಲಾಗಿತ್ತು. ಅದನ್ನು ಮಾರಲು ಅವರು ಕೇಳಿದ ಬೆಲೆ, ಮಗ್ ಸಿಗದವರು ಕೊಡಲು ಒಪ್ಪಿದ ಬೆಲೆಯ ಹೆಚ್ಚುಕಡಿಮೆ ಎರಡರಷ್ಟಿತ್ತು. ಕೈಗೆ ಬಂದ ಕೆಲವೇ ನಿಮಿಷಗಳಲ್ಲಿ ವಸ್ತುವಿನ ತೂಕ ಹೆಚ್ಚುತ್ತದೆ ಎಂದ ಮೇಲೆ, ಹತ್ತು ವರ್ಷ ಮನೆಯಲ್ಲಿದ್ದುದನ್ನು ಬಿಡುವುದು ಕಷ್ಟವಾಗುವುದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ‘ಇದನ್ನು ಬಿಡಲೇ?’ ಎಂದು ಕೇಳಿಕೊಳ್ಳಬೇಡಿ. ‘ಇದು ನನ್ನ ಬಳಿ ಇಲ್ಲದೆ ಹೋಗಿದ್ದರೆ ಇಂದು ದುಡ್ಡು ಕೊಟ್ಟು ತರುತ್ತಿದ್ದೆನೇ?’ ಎಂದು ಕೇಳಿಕೊಳ್ಳಿ. ಆಗಲೂ ಉತ್ತರ ಸಿಗದ ವಸ್ತುಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ, ಟೇಪ್ ಅಂಟಿಸಿ, ಆರು ತಿಂಗಳ ಮುಂದಿನ ದಿನಾಂಕ ಬರೆದಿಡಿ. ಅಷ್ಟರೊಳಗೆ ಹುಡುಕಿಕೊಂಡು ಬಂದದ್ದನ್ನು ಹೊರತೆಗೆಯಿರಿ, ಉಳಿದದ್ದನ್ನು ಕಳಿಸಿಬಿಡಿ. ಬಟ್ಟೆಗಾದರೆ ಇನ್ನೂ ಸುಲಭ: ಎಲ್ಲ ಹ್ಯಾಂಗರ್‌ಗಳ ಕೊಕ್ಕೆಯನ್ನೂ ಹಿಂದುಮುಂದಾಗಿ ತೂಗುಹಾಕಿ, ತೊಟ್ಟ ಬಟ್ಟೆಯನ್ನು ಮಾತ್ರ ಸರಿಯಾದ ದಿಕ್ಕಿನಲ್ಲಿ ಹಿಂತಿರುಗಿಸಿ. ವರ್ಷದ ಕೊನೆಯಲ್ಲಿ ಕಪಾಟೇ ಉತ್ತರ ಹೇಳುತ್ತದೆ.

ಸಮಯವೋ ತ್ರಾಣವೋ ಸಾಲದವರು ಜಪಾನಿನ ಮರಿ ಕೊಂಡೊ ಅವರ ಪ್ರಸಿದ್ಧ ವಿಧಾನದಿಂದ ಆರಂಭಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಕೋಣೆಯ ಲೆಕ್ಕವಿಲ್ಲ, ವರ್ಗದ ಲೆಕ್ಕ: ಬಟ್ಟೆ, ಪುಸ್ತಕ, ಕಾಗದ, ಇತರ ವಸ್ತುಗಳು, ಕೊನೆಗೆ ನೆನಪಿನ ವಸ್ತುಗಳು. ಮನೆಯಲ್ಲಿರುವ ನಿಮ್ಮ ಬಟ್ಟೆಗಳನ್ನೆಲ್ಲ ಒಂದೆಡೆ ಸುರಿದು, ಒಂದೊಂದನ್ನೇ ಕೈಯಲ್ಲಿ ಹಿಡಿದು, ಮನಸ್ಸಿಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕು. ಬಿಡುವಿರುವವರಿಗೆ, ಶುರು ಮಾಡಿದ್ದನ್ನು ಮುಗಿಸುವ ಸ್ವಭಾವದವರಿಗೆ ಇದು ನಿಜಕ್ಕೂ ಅದ್ಭುತ ಫಲ ಕೊಡುತ್ತದೆ. ಎಲ್ಲವನ್ನೂ ಒಟ್ಟಿಗೆ ಕಂಡಾಗಲೇ ನಮ್ಮಲ್ಲಿ ಎಷ್ಟಿದೆ ಎಂಬುದು ತಿಳಿಯುತ್ತದೆ. ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಗುಡ್ಡೆ ಕರಗುವುದೇ ಇಲ್ಲ. ಮೂರು ಮಕ್ಕಳ ತಾಯಿಯಾದ ಮೇಲೆ ಅಚ್ಚುಕಟ್ಟಿಗಿಂತ ಮಕ್ಕಳೊಂದಿಗಿನ ಹೊತ್ತೇ ತಮಗೆ ಮುಖ್ಯವಾಗಿದೆ ಎಂದು 2023ರಲ್ಲಿ ಕೊಂಡೊ ಅವರೇ ಹೇಳಿದ್ದಾರೆ.

ಅಮೆರಿಕದ ಲೇಖಕಿ ಡೇನಾ ವೈಟ್ ಹೇಳುವ ಕ್ರಮ ಸಮಯ ಸಾಲದವರಿಗೆ ಒಗ್ಗುತ್ತದೆ. ಗುಡ್ಡೆ ಹಾಕುವಂತಿಲ್ಲ. ಒಂದು ವಸ್ತು ಕೈಗೆತ್ತಿಕೊಂಡರೆ ಅದನ್ನು ಅದರ ಜಾಗಕ್ಕೆ ಆ ಕ್ಷಣವೇ ಒಯ್ದು ಇಡಬೇಕು, ಇಲ್ಲವೇ ದಾನದ ಚೀಲಕ್ಕೋ ಕಸಕ್ಕೋ ಹಾಕಬೇಕು. ಹತ್ತು ನಿಮಿಷದಲ್ಲಿ ಮಗು ಎದ್ದು ಅತ್ತರೂ ಮನೆ ಮೊದಲಿಗಿಂತ ಒಂದಿಷ್ಟು ಚೆನ್ನಾಗಿಯೇ ಇರುತ್ತದೆ. ಅವರ ಇನ್ನೊಂದು ಮಾತೂ ಉಪಯುಕ್ತ: ಜಾಗವೇ ಮಿತಿ. ಪುಸ್ತಕದ ಕಪಾಟಿನಲ್ಲಿ ಹಿಡಿದಷ್ಟೇ ಪುಸ್ತಕ. ಮೆಚ್ಚಿನವು ಮೊದಲು ಒಳಗೆ ಹೋಗಲಿ, ಜಾಗ ತುಂಬಿದಾಗ ಉಳಿದವು ಬೇರೆಯವರಿಗೆ.

ದಿನಕ್ಕೊಂದು ಗುರಿ ಇದ್ದರೆ ಉತ್ಸಾಹ ಬರುವವರಿಗೆ 30 ದಿನಗಳ ಆಟವಿದೆ: ಮೊದಲ ದಿನ ಒಂದು ವಸ್ತು, ಎರಡನೇ ದಿನ ಎರಡು, ಹೀಗೆ. ಲೆಕ್ಕ ಹಾಕಿದರೆ ಒಟ್ಟು 465 ವಸ್ತುಗಳು. ಅದರಲ್ಲಿ 255 ಕೊನೆಯ ಹತ್ತು ದಿನಗಳಲ್ಲೇ ಹೋಗಬೇಕು. ಬಹಳ ಜನ ಮೂರನೇ ವಾರದ ಆಸುಪಾಸಿನಲ್ಲಿ ನಿಲ್ಲಿಸಿದರೆ ಅದಕ್ಕೆ ಈ ಲೆಕ್ಕವೇ ಕಾರಣ. ಮೊದಲ ಹತ್ತು ದಿನ ಆಡಿ, ಆಮೇಲೆ ದಿನಕ್ಕೆ ಹತ್ತರಂತೆ ಮುಂದುವರಿಸಿದರೂ ಏನೂ ಕೆಡುವುದಿಲ್ಲ.

ನೆನಪುಗಳು ತಡೆಯುತ್ತಿದ್ದರೆ ಅವುಗಳಿಂದ ಆರಂಭಿಸಲೇಬೇಡಿ. ಹಿರಿಯರು ತಮ್ಮ ಕಾಲಾನಂತರ ಮಕ್ಕಳಿಗೆ ಹೊರೆಯಾಗಬಾರದೆಂದು ಬದುಕಿರುವಾಗಲೇ ಸಾಮಾನು ಇಳಿಸಿಕೊಳ್ಳುವ ರೂಢಿ ಸ್ವೀಡನ್ನಿನಲ್ಲಿದೆ. ಮಾರ್ಗರೆಟಾ ಮ್ಯಾಗ್ನುಸನ್ ಅವರ ಬರಹದಿಂದ ಅದು 2017ರಲ್ಲಿ ಜಗತ್ತಿಗೆ ಪರಿಚಯವಾಯಿತು. ಅವರೂ ಫೋಟೊ ಮತ್ತು ಪತ್ರಗಳನ್ನು ಕೊನೆಗೆ ಇಟ್ಟುಕೊಳ್ಳಿ ಎಂದೇ ಹೇಳುತ್ತಾರೆ. ಒಂದು ಪತ್ರ ಬಿಚ್ಚಿದರೆ ಆ ದಿನದ ಕೆಲಸ ಅಲ್ಲಿಗೆ ನಿಂತಿತು. ಕೊನೆಗೂ ಅವುಗಳ ಸರದಿ ಬಂದಾಗ ಎಲ್ಲವನ್ನೂ ಬಿಡಬೇಕಿಲ್ಲ. ತೀರಿಕೊಂಡವರ ಹತ್ತು ಅಂಗಿಗಳಲ್ಲಿ ಒಂದನ್ನು ಆರಿಸಿ, ಕೈಗೆ ಸಿಗುವಲ್ಲಿ ಗೌರವದಿಂದ ಇಡಿ. ಆ ಒಂದನ್ನು ಆರಿಸಲು ಒಂದು ವಾರ ಹಿಡಿದರೂ ಹಿಡಿಯಲಿ.

ಹಂತ 3: ಬೇರೆಯವರ ವಸ್ತು ಮುಟ್ಟಬೇಡಿ

ಮನೆಯವರ ಸಾಮಾನನ್ನು ಅವರಿಗೆ ಹೇಳದೆ ಹೊರಹಾಕಿದರೆ ಹೋಗುವುದು ಸಾಮಾನಷ್ಟೇ ಅಲ್ಲ, ನಂಬಿಕೆಯೂ ಹೋಗುತ್ತದೆ. ಆಮೇಲೆ ಅವರು ಪ್ರತಿಯೊಂದನ್ನೂ ಬಚ್ಚಿಡತೊಡಗುತ್ತಾರೆ. ನಿಮ್ಮದನ್ನು ಮಾತ್ರ ಮಾಡಿ. ಎಲ್ಲರೂ ಬಳಸುವ ಜಾಗಕ್ಕೆ ಒಂದು ಮಿತಿಯನ್ನು ಕೂತು ಮಾತಾಡಿ ಗೊತ್ತುಮಾಡಿಕೊಳ್ಳಿ. ಮಕ್ಕಳಿಗಾದರೆ ಆಟಿಕೆಗೆ ಒಂದು ಪೆಟ್ಟಿಗೆ ಕೊಟ್ಟು, ಅದರೊಳಗೆ ಏನಿರಬೇಕೆಂಬುದನ್ನು ಅವರಿಗೇ ಬಿಡಿ.

ಇಲ್ಲೇ ಇನ್ನೊಂದು ಮಾತು. ಏನನ್ನಾದರೂ ಬಿಡಬೇಕೆಂದಾಗ ಯಾರಾದರೂ ತೀವ್ರ ಸಂಕಟ ಪಡುತ್ತಿದ್ದರೆ, ಕೋಣೆಗಳು ಬಳಸಲಾಗದಷ್ಟು ತುಂಬಿದ್ದರೆ, ಅದಕ್ಕೆ ಮೇಲಿನ ಯಾವ ವಿಧಾನವೂ ಮದ್ದಲ್ಲ. ಅಮೆರಿಕದ ಮನೋವೈದ್ಯರ ಸಂಘ ಮಾನಸಿಕ ಕಾಯಿಲೆಗಳ ಕುರಿತ 2013ರ ತನ್ನ ಕೈಪಿಡಿಯಲ್ಲಿ ಅತಿಯಾದ ಸಂಗ್ರಹವನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದೆ. ಚಿಕಿತ್ಸೆ ಇದೆ. ಬೈಯಬೇಡಿ, ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ.

ಹಂತ 4: ಹೊಸ್ತಿಲು ದಾಟಿಸಿ

ದಾನದ ಚೀಲ ಬಾಗಿಲ ಬಳಿಯೇ ತಿಂಗಳುಗಟ್ಟಲೆ ಕುಳಿತರೆ ಮನೆ ಹಗುರಾಗಲಿಲ್ಲ, ಸಾಮಾನು ಜಾಗ ಬದಲಿಸಿತು ಅಷ್ಟೇ. ಯಾರಿಗೆ, ಯಾವ ದಿನ ಎಂಬುದನ್ನು ಶುರು ಮಾಡುವ ಮೊದಲೇ ಗೊತ್ತುಪಡಿಸಿ. ಹರಿದದ್ದನ್ನು, ಕೆಟ್ಟುಹೋದದ್ದನ್ನು ದಾನದ ಹೆಸರಿನಲ್ಲಿ ಬೇರೆಯವರ ತಲೆಗೆ ಕಟ್ಟಬೇಡಿ. ಹಳೆಯ ಬ್ಯಾಟರಿ, ಮೊಬೈಲ್‌ಗಳು ಇ–ತ್ಯಾಜ್ಯ ಸಂಗ್ರಹಿಸುವವರಿಗೇ ಹೋಗಬೇಕು. ಮೊಬೈಲ್‌ನಲ್ಲಿರುವ ಮಾಹಿತಿಯನ್ನು ಮೊದಲು ಅಳಿಸಿ.

ಹಂತ 5: ಮೂರು ವಾರಗಳ ನಂತರ

ಆರಿಸಿದ ವಿಧಾನವನ್ನು ಮೂರು ವಾರ ಪಾಲಿಸಿ, ಆಮೇಲೆ ಎರಡನ್ನು ಮಾತ್ರ ನೋಡಿ: ಮನೆಯಿಂದ ಏನಾದರೂ ಹೊರಗೆ ಹೋಯಿತೇ? ಮತ್ತೆ ಮಾಡಬೇಕೆಂದರೆ ಮನಸ್ಸು ಹಿಂಜರಿಯುತ್ತಿದೆಯೇ? ಏನೂ ಹೋಗಿಲ್ಲದಿದ್ದರೆ ವಿಧಾನ ಬದಲಿಸಿ. ಸಾಮಾನು ಹೋಗಿದೆ, ಆದರೆ ಮನಸ್ಸು ಹಿಂಜರಿಯುತ್ತಿದೆ ಎಂದಾದರೆ ವಿಧಾನ ಅದೇ ಇರಲಿ, ಹೊತ್ತನ್ನು ಅರ್ಧ ಮಾಡಿ. ಬೆರೆಸಿಕೊಳ್ಳಲೂ ಅಡ್ಡಿಯಿಲ್ಲ: ಬಟ್ಟೆಗೆ ಹ್ಯಾಂಗರ್, ಪುಸ್ತಕಕ್ಕೆ ಕಪಾಟಿನ ಮಿತಿ, ಅಟ್ಟದ ಸಾಮಾನಿಗೆ ದಿನಾಂಕ ಬರೆದ ಪೆಟ್ಟಿಗೆ. ಕಾಗದಪತ್ರಗಳಿಗೆ ಮಾತ್ರ ಸಂತೋಷ, ನೆನಪು ಯಾವುದೂ ಬೇಡ. ತೆರಿಗೆ, ಆಸ್ತಿ, ವಿಮೆ, ಆರೋಗ್ಯ, ಗುರುತಿನ ದಾಖಲೆಗಳಿಗೆ ಒಂದೊಂದು ಫೈಲ್ ಮಾಡಿ. ಉಳಿದವುಗಳಲ್ಲಿ ಖಾತೆ ಸಂಖ್ಯೆಯೋ ಸಹಿಯೋ ಇದ್ದರೆ ಚೂರುಚೂರು ಮಾಡಿ ಎಸೆಯಿರಿ.