ತೋಟದ ಪಂಪಿಗೆ ಲಿನಕ್ಸ್ ಬೋರ್ಡ್: ಆರಿಸುವುದು ಹೇಗೆ?

ಪೆರ್ಲದ ನಮ್ಮ ಅಡಿಕೆ ತೋಟದಲ್ಲಿ, ಗುಡ್ಡ ಕೊರೆದ ಸುರಂಗದ ನೀರು ಬಂದು ಬೀಳುವ ಕೆರೆಯ ಪಕ್ಕ ಒಂದು ಪಂಪ್ ಶೆಡ್ಡಿದೆ. ನೀರಿನ ಮಟ್ಟ ನೋಡಿ ಪಂಪ್ ನಡೆಸುವ, ಕೆರೆಯ ಚಿತ್ರವನ್ನು ಮೊಬೈಲಿಗೆ ಕಳಿಸುವ ಸಾಧನವನ್ನು ಅಲ್ಲಿ ಕೂರಿಸಲು ಹೊರಟಾಗ ನಾನು ಮೊದಲು ನೋಡಿದ್ದು ಪ್ರೊಸೆಸರಿನ ವೇಗವನ್ನು. ನೋಡಬೇಕಾಗಿದ್ದದ್ದು ಶೆಡ್ಡಿನ ಕರೆಂಟನ್ನು.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಬೇಕೇ ಎಂಬುದನ್ನು ಮೊದಲು ತೀರ್ಮಾನಿಸಿ. ಕೆರೆ ತುಂಬಿದಾಗ ಪಂಪ್ ಚಾಲೂ, ಬರಿದಾದಾಗ ಬಂದ್, ಇಷ್ಟೇ ಆದರೆ ಇಎಸ್‌ಪಿ32 ಎಂಬ ಸರಳ ನಿಯಂತ್ರಕ ಚಿಪ್ ಸಾಕು. ಲಿನಕ್ಸ್ ತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಕ್ಯಾಮೆರಾ, 4ಜಿ ಮೋಡೆಮ್, ಮನೆಯಿಂದಲೇ ಲಾಗಿನ್ ಬೇಕೆಂದರೆ ಮಾತು ಬೇರೆ.

ಬಿಲ್ಡ್‌ರೂಟಿನಲ್ಲಿ (ಬೇಕಾದಷ್ಟನ್ನೇ ಸೇರಿಸಿ ಲಿನಕ್ಸ್ ಕಟ್ಟುವ ಸಲಕರಣೆ) ಸಣ್ಣದಾಗಿ ಕಟ್ಟಿದ ಲಿನಕ್ಸ್ 64 ಎಂಬಿ ರ‍್ಯಾಮಿನಲ್ಲೂ ಓಡುತ್ತದೆ. ಕ್ಯಾಮೆರಾ, ಪೈಥಾನ್ ಭಾಷೆಯ ಪ್ರೋಗ್ರಾಂ ಸೇರಿದರೆ 512 ಎಂಬಿ ಇರಲಿ. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಬೋರ್ಡಿನಲ್ಲಿ ಅಷ್ಟಿದೆ, ಆದರೆ ಸೆನ್ಸರಿನ ವೋಲ್ಟೇಜ್ ಅಳೆಯುವ ಅನಲಾಗ್ ಪಿನ್ನುಗಳಿಲ್ಲ. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡಿನಲ್ಲಿ ಇವೆ. ಅವು ತಾಳುವುದು 1.8 ವೋಲ್ಟ್ ಮಾತ್ರ. ಮಟ್ಟ ಅಳೆಯುವ ಸೆನ್ಸರಿನ 5 ವೋಲ್ಟನ್ನು ನೇರ ಕೊಟ್ಟರೆ ಬೋರ್ಡ್ ಸುಟ್ಟೀತು.

ಈಗ ನನ್ನ ತಲೆ ತಿಂದ ವಿಷಯ: ಸಂಗ್ರಹ. ಮೊದಲ ಮಳೆಗಾಲದಲ್ಲಿ, ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬಂದ ಒಂದು ವಾರದ ಕೊನೆಗೆ, ಸಾಧನ ಏಳಲೇ ಇಲ್ಲ. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದು ಎಸ್‌ಡಿ ಕಾರ್ಡಿನ ಕಡತ ವ್ಯವಸ್ಥೆ ಕೆಟ್ಟಿತ್ತು. ಹಾಗಾಗಿ ಇಎಂಎಂಸಿ ಮೆಮೊರಿ (ಬೋರ್ಡಿಗೇ ಬೆಸೆದ ಸಂಗ್ರಹ ಚಿಪ್) ಇರುವ ಬೋರ್ಡನ್ನು ಹುಡುಕಿ. ಬೀಗಲ್‌ಬೋನಿನಲ್ಲಿ 4 ಜಿಬಿ ಇದೆ. ಅದಿದ್ದರೂ ಮೂಲ ಕಡತ ವ್ಯವಸ್ಥೆಯನ್ನು ಓದಲು ಮಾತ್ರ ಬರುವಂತೆ ಇಟ್ಟು, ಲಾಗುಗಳನ್ನು (ಸಾಧನ ತಾನೇ ಬರೆದಿಡುವ ದಾಖಲೆಗಳನ್ನು) ರ‍್ಯಾಮಿಗೆ ಬರೆಸಿ.

ವಿದ್ಯುತ್ತಿನಲ್ಲಿ ಜಿಪುಣತನ ಬೇಡ. ಸಿಗ್ನಲ್ ಕ್ಷೀಣವಾದಾಗ ಮೋಡೆಮ್ ಕ್ಷಣಮಾತ್ರಕ್ಕೆ 2 ಆಂಪಿಯರಿನಷ್ಟು ಎಳೆಯಬಹುದು. ಹಳೆಯ ಮೊಬೈಲ್ ಚಾರ್ಜರ್ ಅದಕ್ಕೆ ಸಾಲದು, ಬೋರ್ಡ್ ಮತ್ತೆ ಮತ್ತೆ ರೀಬೂಟ್ ಆಗುತ್ತದೆ. ಬೋರ್ಡ್, ಮೋಡೆಮ್ ಎರಡಕ್ಕೂ ಸೇರಿ 5 ವೋಲ್ಟ್, 3 ಆಂಪಿಯರಿನ ಒಳ್ಳೆಯ ಸಪ್ಲೈ ಹಾಕಿ. ಮೋಟಾರನ್ನು ಸಣ್ಣ ರಿಲೇಗೆ ಜೋಡಿಸಲೇಬೇಡಿ. ನಡುವೆ ಕಂಟ್ಯಾಕ್ಟರ್ (ಭಾರಿ ಕರೆಂಟ್ ತಾಳುವ ಸ್ವಿಚ್) ಇರಲಿ, ಆ ಕೆಲಸ ಇಲೆಕ್ಟ್ರಿಶಿಯನ್ನರದು. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಕೆರೆಯಿಂದ ಬರುವ ಉದ್ದನೆಯ ಸೆನ್ಸರ್ ತಂತಿಯೇ ಹೆದ್ದಾರಿ, ಅಲ್ಲಿಗೂ ಸರ್ಜ್ (ದಿಢೀರ್ ವೋಲ್ಟೇಜ್ ಏರಿಕೆ) ರಕ್ಷಣೆ ಬೇಕು.

ಕೊಳ್ಳುವ ಮುನ್ನ ಆ ಬೋರ್ಡಿಗೆ ಮುಖ್ಯ ಲಿನಕ್ಸ್ ಕರ್ನಲ್ಲಿನಲ್ಲೇ (ಲಿನಕ್ಸಿನ ತಿರುಳಿನಲ್ಲೇ) ಬೆಂಬಲವಿದೆಯೇ ನೋಡಿ. ತಯಾರಕರ ಹಳೆಯ ಕರ್ನಲ್ ಒಂದನ್ನೇ ನಂಬಿದರೆ ಭದ್ರತಾ ತಿದ್ದುಪಡಿಗಳಿಗೆ ಅವರ ಬಾಗಿಲು ಕಾಯಬೇಕು.

ಪೆಟ್ಟಿಗೆಯ ತಂತಿ ತೂತುಗಳು ತಳದಲ್ಲಿರಲಿ, ಗ್ಲ್ಯಾಂಡ್ (ತಂತಿಯ ಸುತ್ತ ತೂತು ಮುಚ್ಚುವ ಬಿರಡೆ) ಹಾಕಿ ಬಿಗಿಯಿರಿ. ನಮ್ಮದರಲ್ಲಿ ಒಂದು ತೂತು ಬಿಟ್ಟುಹೋಗಿತ್ತು. ತಿಂಗಳೊಳಗೆ ಇರುವೆಗಳು ಒಳಗೆ ಸಂಸಾರ ಹೂಡಿದ್ದವು.