ಅರ್ಧಕ್ಕೇ ನಿಂತ ಕೌದಿ ಮುಗಿಸುವುದು ಹೇಗೆ?

ಅಟ್ಟದ ಮೇಲೋ ಟ್ರಂಕಿನ ತಳದಲ್ಲೋ ಅರ್ಧ ಹೊಲಿದ ಕೌದಿ ಇರುವ ಮನೆಗಳು ನಮ್ಮಲ್ಲಿ ಬಹಳ. ತೆಗೆದು ನೋಡಿದರೆ ಸೂಜಿ ಚುಚ್ಚಿದ ಜಾಗದಲ್ಲೇ ತುಕ್ಕು ಹಿಡಿದಿರುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಅಜ್ಜಿ ತೀರಿಕೊಂಡ ಮೇಲೆ ಅವರ ಐದು ಹತ್ತಿ ಸೀರೆ ತಂದುಕೊಂಡು ಡಬಲ್ ಕಾಟಿಗೆ ಆಗುವಷ್ಟು ಕೌದಿ ಹೊಲಿಯಲು ಕೂತೆ. ಒಂದು ತಿಂಗಳು ಹೊಲಿದೆ. ಆಮೇಲೆ ಅದು ಮೂರು ವರ್ಷ ಕಪಾಟಿನ ಮೇಲೆ ಉಳಿಯಿತು.

ಧಾರವಾಡದಿಂದ ಬಂದ ದೊಡ್ಡವ್ವ ಅದನ್ನು ಬಿಡಿಸಿ ನೋಡಿದರು. "ಇಷ್ಟ ದೊಡ್ಡದು ಯಾಕ ಹಿಡದಿ ತಂಗಿ? ಮೊದಲ ಕೂಸಿನ ಕೌದಿ ಹೊಲಿ. ಕೈಗೆ ಮುಗಿಸೋ ರೂಢಿ ಆಗಲಿ" ಅಂದರು. ಈ ಲೇಖನ ಆ ಮಾತಿನಿಂದಲೇ ಹುಟ್ಟಿದ್ದು. ಕೌದಿ ಹೊಲಿಯಲು ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ಸೂಜಿ ಮೇಲೆ ಬರಬೇಕು, ಕೆಳಗೆ ಹೋಗಬೇಕು, ಅಷ್ಟೇ. ಎಷ್ಟು ಆಗಿದೆ, ಇನ್ನೆಷ್ಟು ಉಳಿದಿದೆ ಅನ್ನೋದು ಗೊತ್ತಾಗದೇ ಇರುವುದೇ ನಮ್ಮನ್ನು ನಿಲ್ಲಿಸುವುದು. ಹಾಗಾಗಿ ಬಟ್ಟೆಗೆ ಕೈ ಹಾಕುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ಮೊದಲು ಲೆಕ್ಕ

ಕೂಸಿನ ಕೌದಿ ಅಂದರೆ ಎರಡೂವರೆ ಅಡಿ ಅಗಲ, ಮೂರು ಅಡಿ ಉದ್ದ. ಇಂಚಿನಲ್ಲಿ 30 ಮತ್ತು 36. ಹೊಲಿಗೆಯ ಸಾಲುಗಳ ನಡುವೆ ಮುಕ್ಕಾಲು ಇಂಚು, ಅಂದರೆ ಸುಮಾರು ಒಂದು ಬೆರಳಿನಷ್ಟು ಜಾಗ ಬಿಡುತ್ತೇವೆ ಅಂದುಕೊಳ್ಳಿ. ಕೌದಿಯ ಉದ್ದವನ್ನು ಅಗಲದಿಂದ ಗುಣಿಸಿ, ಸಾಲುಗಳ ಅಂತರದಿಂದ ಭಾಗಿಸಿದರೆ ಒಟ್ಟು ಹೊಲಿಗೆಯ ಉದ್ದ ಸಿಗುತ್ತದೆ. ಇಲ್ಲಿ 1,440 ಇಂಚು, ಅಂದರೆ 120 ಅಡಿ. ನನ್ನ ಕೈಗೆ ಒಂದು ಗಂಟೆಗೆ 10 ಅಡಿ ಆಗುತ್ತದೆ. ಅಲ್ಲಿಗೆ 12 ಗಂಟೆಯ ಕೆಲಸ. ದಿನಕ್ಕೆ ಅರ್ಧ ಗಂಟೆ ಕೂತರೆ 24 ದಿನ.

ಅದೇ ಲೆಕ್ಕವನ್ನು ಒಬ್ಬರು ಮಲಗುವ ಕೌದಿಗೆ ಹಾಕಿ. 5 ಅಡಿ ಅಗಲ, ಏಳೂವರೆ ಅಡಿ ಉದ್ದ. 600 ಅಡಿ ಹೊಲಿಗೆ, 60 ಗಂಟೆ, ದಿನಕ್ಕೆ ಅರ್ಧ ಗಂಟೆಯಂತೆ ನಾಲ್ಕು ತಿಂಗಳು. ನಾನು ಹಿಡಿದಿದ್ದ ಡಬಲ್ ಕಾಟಿನ ಕೌದಿಗೆ ಆರು ತಿಂಗಳ ಮೇಲೆ ಬೇಕಿತ್ತು. ಅದು ಮೊದಲೇ ಗೊತ್ತಿದ್ದರೆ ಒಂದೇ ತಿಂಗಳಿಗೆ ಮನಸ್ಸು ಸೋಲುತ್ತಿರಲಿಲ್ಲ.

ನಿಮ್ಮ ಕೈಯ ವೇಗ ತಿಳಿಯಲು ಯಾವುದಾದರೂ ಹಳೇ ಬಟ್ಟೆಯ ಮೂರು ಪದರ ಇಟ್ಟು ಕಾಲು ಗಂಟೆ ಹೊಲಿದು ನೋಡಿ. ಟೇಪಿನಿಂದ ಅಳೆದು ನಾಲ್ಕರಿಂದ ಗುಣಿಸಿ. ಬೇರೆಯವರ ವೇಗ ನಿಮಗೆ ಉಪಯೋಗವಿಲ್ಲ.

ಬಟ್ಟೆ

ಹತ್ತಿಯೇ ಬೇಕು. ಪಾಲಿಯೆಸ್ಟರ್ ಸೀರೆ ನೋಡಲು ಎಷ್ಟೇ ಚೆನ್ನಾಗಿದ್ದರೂ ಬೇಡ. ಅದು ಹತ್ತಿಯ ಪಕ್ಕದಲ್ಲಿ ಜಾರುತ್ತದೆ, ಬೆವರು ಹೀರುವುದಿಲ್ಲ. ಒಗೆದಾಗ ಹತ್ತಿ ಕುಗ್ಗುತ್ತದೆ, ಇದು ಕುಗ್ಗುವುದಿಲ್ಲ. ಆಮೇಲೆ ಕೌದಿ ಸುಕ್ಕುಸುಕ್ಕಾಗುತ್ತದೆ. ಹಳೇ ಹತ್ತಿ ಸೀರೆ, ಧೋತರ, ಪಂಚೆ, ಮಕ್ಕಳ ಫ್ರಾಕು, ಮೆತ್ತಗಾದ ಶರ್ಟು ಎಲ್ಲ ನಡೆಯುತ್ತದೆ. ಹೊಸ ಬಟ್ಟೆ ಸೇರಿಸುವುದಾದರೆ ಎರಡು ಸಲ ಒಗೆದು ಗಂಜಿ ಬಿಡಿಸಿ.

ಇಳಕಲ್ ಸೀರೆ ಇದ್ದರೆ ಮೈ ಬೇರೆ, ಸೆರಗು ಬೇರೆ ಮಾಡಿಕೊಳ್ಳಿ. ಹತ್ತಿಯ ಮೈ ಕೌದಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ರೇಷ್ಮೆ ಎಳೆಯ ಕೆಂಪು ಸೆರಗಿನ ಮೇಲೆ ಮಾತ್ರ ಒದ್ದೆ ಬಿಳಿ ಅರಿವೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಅದನ್ನು ಕೌದಿಗೆ ಹಾಕಬೇಡಿ. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಚೂರುಗಳಿದ್ದರೆ ಮೂಲೆಗಳಿಗೆ ಇಟ್ಟುಕೊಳ್ಳಿ. ಅದಕ್ಕೂ ಈ ಬಣ್ಣದ ಪರೀಕ್ಷೆ ಆಗಲೇಬೇಕು.

ಬಟ್ಟೆಯ ಗಟ್ಟಿತನ ನೋಡುವುದು ಸುಲಭ. ಎರಡು ಹೆಬ್ಬೆರಳು ಒತ್ತಾಗಿಟ್ಟು ಎಳೆಯಿರಿ. ಚರ್ ಅಂದರೆ ಅದು ಒಳಪದರಕ್ಕೆ, ತಡೆದುಕೊಂಡರೆ ಮೇಲಕ್ಕೆ. ಕತ್ತರಿಸುವ ಬದಲು ಅಂಚಿಗೆ ಒಂದು ಕಚ್ಚು ಹಾಕಿ ಹರಿಯಿರಿ. ಹತ್ತಿ ಬಟ್ಟೆ ನೂಲಿನ ದಾರಿಯಲ್ಲೇ ನೆಟ್ಟಗೆ ಹರಿಯುತ್ತದೆ, ತುಂಡು ಸೊಟ್ಟ ಬರುವುದಿಲ್ಲ.

ಕೂಸಿನ ಕೌದಿಗೆ ಅಡಿಪದರ ಮತ್ತು ಎರಡು ಒಳಪದರಕ್ಕೆ ಅರ್ಧ ಸೀರೆ ಸಾಕು. ಅಡಿಪದರವನ್ನು ನಾಲ್ಕೂ ಕಡೆ ಎರಡೆರಡು ಇಂಚು ದೊಡ್ಡದಾಗಿ, ಅಂದರೆ 34ಕ್ಕೆ 40 ಇಂಚು ಹರಿದುಕೊಳ್ಳಿ. ಒಳಪದರಗಳು 30ಕ್ಕೆ 36. ಮೇಲ್ಪದರಕ್ಕೆ ಬಣ್ಣದ ತುಂಡುಗಳು.

ಹಾಸುವುದು, ಕಚ್ಚಾ ಹೊಲಿಗೆ ಹಾಕುವುದು

ಈ ಹಂತದಲ್ಲಿ ಅವಸರ ಮಾಡಿದರೆ ಮುಂದೆ ದಿನಾ ತೊಂದರೆ. ನೆಲ ಒರೆಸಿ, ಒಣಗಿದ ಮೇಲೆ ಅಡಿಪದರ ಹಾಸಿ. ಮೂಲೆಗಳಿಗೆ ಉಪ್ಪಿನ ಡಬ್ಬಿ, ಕುಟ್ಟಾಣಿ, ಏನಾದರೂ ಭಾರ ಇಡಿ. ಒಳಪದರಗಳನ್ನು ಒಂದೊಂದಾಗಿ ಹಾಸಿ, ಅಂಗೈಯಿಂದ ನಡುವಿನಿಂದ ಹೊರಗೆ ಸವರಿ. ಆಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ. ಒಂದರ ಅಂಚು ಇನ್ನೊಂದರ ಕೆಳಗೆ ಒಂದು ಇಂಚಿನಷ್ಟು ಹೋಗಬೇಕು. ಮೇಲೆ ಕಾಣುವ ಅಂಚನ್ನು ಕಾಲು ಇಂಚು ಒಳಗೆ ಮಡಚಿ. ಕೊನೆಗೆ ಅಡಿಪದರದ ಹೆಚ್ಚಿನ ಬಟ್ಟೆಯನ್ನು ಒಂದು ಇಂಚು ಮಡಚಿ, ಮತ್ತೊಂದು ಇಂಚು ಮಡಚಿ ಮೇಲ್ಪದರದ ಮೇಲೆ ತನ್ನಿ. ಅದೇ ಕೌದಿಯ ಅಂಚು.

ಈಗ ಉದ್ದುದ್ದ ಕಚ್ಚಾ ಹೊಲಿಗೆ, ಅಂದರೆ ಪದರಗಳು ಜಾರದಂತೆ ಸದ್ಯಕ್ಕೆ ಹಾಕಿ ಕೊನೆಗೆ ತೆಗೆಯುವ ಹೊಲಿಗೆ. ನಡುವಿನಿಂದ ಶುರು ಮಾಡಿ ಹೊರಗೆ ಹೋಗಿ. ಒಂದು ಗೇಣಿಗೊಂದು ಸಾಲು, ಉದ್ದಕ್ಕೂ ಅಡ್ಡಕ್ಕೂ. ಇದು ಯಾಕೆ ಇಷ್ಟು ಮುಖ್ಯ ಅಂದರೆ, ನಿಜವಾದ ಹೊಲಿಗೆ ನಾವು ಹಾಕುವುದು ಅಂಚಿನಿಂದ ಒಳಗೆ. ಪದರಗಳಲ್ಲಿ ಸಡಿಲ ಬಟ್ಟೆ ಉಳಿದಿದ್ದರೆ ಸುತ್ತು ಸುತ್ತು ಹೊಲಿಯುತ್ತಾ ಅದನ್ನೆಲ್ಲ ನಡುವಿಗೆ ತಳ್ಳಿಕೊಂಡು ಹೋಗುತ್ತೇವೆ. ಕೊನೆಗೆ ಹೊಟ್ಟೆಯ ಜಾಗದಲ್ಲಿ ಗುಳ್ಳೆಯಂತೆ ಎದ್ದು ನಿಲ್ಲುತ್ತದೆ. ಆಗ ಬಿಚ್ಚದೆ ಬೇರೆ ದಾರಿಯಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕ್ರಮ ಇನ್ನೂ ಚಂದ. ಅವರು ಒಂದು ಮೂಲೆಯಿಂದ ಶುರು ಮಾಡಿ, ತುಂಡು ಇಡುತ್ತಾ, ಅಂಚು ಮಡಚುತ್ತಾ, ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮೊದಲೇ ಜೋಡಿಸಿಟ್ಟ ನಕ್ಷೆ ಇರುವುದಿಲ್ಲ. ಮುಂದಿನ ತುಂಡು ಯಾವುದು ಅನ್ನೋದು ಆಗಿನ ಕಣ್ಣಿಗೆ ಬಿಟ್ಟಿದ್ದು. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಪೂರ್ತಿ ಆದಂತಲ್ಲ. ಕೈ ಪಳಗಿದ ಮೇಲೆ ಈ ಕ್ರಮ ಹಿಡಿಯಿರಿ. ಮೊದಲ ಕೌದಿಗೆ ಕಚ್ಚಾ ಹೊಲಿಗೆಯ ಆಸರೆ ಇರಲಿ.

ಸುತ್ತು ಹೊಲಿಗೆ

ಗಟ್ಟಿ ಹತ್ತಿ ದಾರ ತೆಗೆದುಕೊಳ್ಳಿ, ಜೋಡಿ ಎಳೆ ಮಾಡಿ. ಪೋಣಿಸಿದ ಮೇಲೆ ಒಂದೂವರೆ ಮೊಳ ಇರಲಿ, ಅದಕ್ಕಿಂತ ಉದ್ದ ಬೇಡ. ಉದ್ದ ದಾರ ಗಂಟು ಬೀಳುತ್ತದೆ, ಪ್ರತಿ ಸಲ ಎಳೆದು ಭುಜವೂ ನೋಯುತ್ತದೆ. ಮೇಣದ ಬತ್ತಿಯ ಮೇಲೆ ಒಮ್ಮೆ ದಾರ ಎಳೆದರೆ ಸಲೀಸಾಗಿ ಹೋಗುತ್ತದೆ. ಸೂಜಿಯಲ್ಲಿ ನಂಬರ್ ಕಮ್ಮಿಯಾದಷ್ಟು ದಪ್ಪ ಜಾಸ್ತಿ. ನಾಲ್ಕು ಪದರಕ್ಕೆ ಬಾಗದಂಥದು ಇರಲಿ, ದಬ್ಬಣದಷ್ಟು ದಪ್ಪ ಬೇಡ. ನಡುಬೆರಳಿಗೆ ಅಂಗುಸ್ತಾನ, ಅಂದರೆ ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕುವ ಟೊಪ್ಪಿ, ಹಾಕಿಕೊಳ್ಳಿ. ಎರಡು ದಿನ ತೊಡಕು ಅನಿಸುತ್ತದೆ, ಮೂರನೇ ದಿನ ಅದಿಲ್ಲದೆ ಕೂರಲು ಆಗುವುದಿಲ್ಲ.

ಗಂಟು ಪದರಗಳ ನಡುವೆ ಅಡಗಬೇಕು. ಮಡಚಿದ ಅಂಚಿನ ಮೇಲೆ ಮೊದಲ ಸುತ್ತು. ಸೂಜಿಗೆ ಮೂರ್ನಾಲ್ಕು ಹೊಲಿಗೆ ತುಂಬಿಸಿ ಒಮ್ಮೆಗೆ ಎಳೆಯಿರಿ. ಎಳೆದ ಮೇಲೆ ಹೆಬ್ಬೆರಳಿನಿಂದ ಸಾಲನ್ನು ಒಮ್ಮೆ ಸವರಿ ಹಿಂದಕ್ಕೆ ಬಿಡಿ. ಬಿಗಿಯಾಗಿದ್ದರೆ ಅಲ್ಲೇ ಸಡಿಲವಾಗುತ್ತದೆ. ಪ್ರತಿ ಹೊಲಿಗೆಗೂ ಕೆಳಗಿನ ಕೈಯ ಬೆರಳಿಗೆ ಸೂಜಿಯ ತುದಿ ತಾಗಬೇಕು. ತಾಗದಿದ್ದರೆ ಅಡಿಪದರ ಬಿಟ್ಟುಹೋಗಿದೆ ಅಂತ ಅರ್ಥ.

ಈಗ ನನಗೆ ಬಹಳ ಧೈರ್ಯ ಕೊಟ್ಟ ಲೆಕ್ಕ ಹೇಳುತ್ತೇನೆ. ಕೂಸಿನ ಕೌದಿಗೆ ಹೀಗೆ ಒಟ್ಟು ಸುಮಾರು 20 ಸುತ್ತು ಬರುತ್ತದೆ. ಮೊದಲ ಸುತ್ತು 132 ಇಂಚು, ಹನ್ನೊಂದು ಅಡಿ. ಪ್ರತಿ ಸುತ್ತಿಗೂ 6 ಇಂಚು ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಯ ಸುತ್ತು ಒಂದೂವರೆ ಅಡಿ ಮಾತ್ರ. ಕೂಡಿಸಿ ನೋಡಿದರೆ ಏಳನೇ ಸುತ್ತು ಮುಗಿಯುವಾಗಲೇ ಅರ್ಧಕ್ಕಿಂತ ಜಾಸ್ತಿ ಹೊಲಿಗೆ ಆಗಿಹೋಗಿರುತ್ತದೆ! ಕಣ್ಣಿಗೆ ಹಾಗೆ ಕಾಣುವುದಿಲ್ಲ. ನಡುವೆ ಒಂದೂವರೆ ಅಡಿಗಿಂತ ಅಗಲದ ಖಾಲಿ ಜಾಗ ಕಾಣುತ್ತದೆ, 20ರಲ್ಲಿ ಇನ್ನೂ 13 ಸುತ್ತು ಬಾಕಿ ಅನಿಸುತ್ತದೆ. ಬಹಳ ಜನ ಕೌದಿ ಮಡಚಿಡುವುದು ಇದೇ ಜಾಗದಲ್ಲಿ ಅಂತ ನನ್ನ ನಂಬಿಕೆ. ದಯವಿಟ್ಟು ಅಲ್ಲಿ ನಿಲ್ಲಿಸಬೇಡಿ. ಮುಂದೆ ಒಂದೊಂದು ಸುತ್ತೂ ಸಣ್ಣದು. ಕೊನೆಯ ವಾರ ಒಂದೇ ಕೂತಲ್ಲಿ ಎರಡು ಮೂರು ಸುತ್ತು ಮುಗಿಯುತ್ತದೆ.

ದಿನದ ಕೆಲಸ

ಕೌದಿಯನ್ನು ಒಳಗಿಡಬೇಡಿ. ಒಂದು ಅಗಲ ಬುಟ್ಟಿಯಲ್ಲಿ, ನೀವು ದಿನಾ ಕೂರುವ ಜಾಗದ ಪಕ್ಕದಲ್ಲೇ ಇರಲಿ. ಕಪಾಟಿನಿಂದ ಇಳಿಸಿ, ದಾರ ಹುಡುಕಿ, ಕನ್ನಡಕ ಹುಡುಕುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ ಅಲ್ವಾ? ಎದ್ದೇಳುವ ಮೊದಲು ಸೂಜಿಗೆ ಹೊಸ ದಾರ ಪೋಣಿಸಿ ಸೂಜಿದಿಂಬಿಗೆ ಚುಚ್ಚಿಡಿ. ನಾಳೆ ಕೂತ ಕೂಡಲೇ ಹೊಲಿಗೆ ಶುರುವಾಗುತ್ತದೆ. ಬಟ್ಟೆಗೇ ಚುಚ್ಚಿ ಬಿಡಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ. ಕೂಸು ಇರುವ ಮನೆಯಲ್ಲಿ ಎದ್ದಾಗಲೆಲ್ಲ ಸೂಜಿ ಎಣಿಸಿ ಡಬ್ಬಿಗೆ ಹಾಕಿ.

ವಾರಕ್ಕೊಂದು ಬಣ್ಣದ ದಾರ ಬಳಸಿ ನೋಡಿ. ಮೊದಲ ವಾರ ಬಿಳಿ, ಎರಡನೇ ವಾರ ಹಳದಿ, ಆಮೇಲೆ ಕೆಂಪು. ಯಾವ ವಾರ ಎಷ್ಟು ಮುಂದೆ ಹೋಗಿದ್ದೀರಿ ಅಂತ ಕೌದಿಯೇ ಹೇಳುತ್ತದೆ. ನನ್ನ ಕೌದಿಯಲ್ಲಿ ಹಳದಿ ಪಟ್ಟಿ ತೀರಾ ಸಣ್ಣದು. ಆ ವಾರ ಮಗನಿಗೆ ಜ್ವರ ಬಂದಿತ್ತು. ಈಗ ಅದನ್ನು ನೋಡಿದರೆ ಬೇಸರವಾಗುವುದಿಲ್ಲ, ಆ ದಿನಗಳೂ ಅದರೊಳಗೆ ಸೇರಿಕೊಂಡಿವೆ ಅನಿಸುತ್ತದೆ.

ಈಗಾಗಲೇ ನಿಂತುಹೋಗಿದ್ದರೆ

ತೆಗೆದು ಒಂದು ದಿನ ಬಿಸಿಲಿಗೆ ಹಾಕಿ. ನೆಲದ ಮೇಲೆ ಹಾಸಿ ಅಂಗೈ ಆಡಿಸಿ. ಹೊಲಿಗೆ ಸ್ವಲ್ಪ ಸೊಟ್ಟ ಇದೆ ಅಂತ ಬಿಚ್ಚಲು ಹೋಗಬೇಡಿ. ಸುಮ್ನೆ ಮುಂದೆ ಹೋಗಿ. ಬಟ್ಟೆ ನೆರಿಗೆ ಕಟ್ಟಿದ್ದರೆ ಅಷ್ಟು ಸಾಲು ಮಾತ್ರ ಬಿಚ್ಚಿ. ಉಳಿದ ಉದ್ದ ಅಳೆದು ದಿನಗಳ ಲೆಕ್ಕ ಹಾಕಿ. ಉತ್ತರ ನಾಲ್ಕು ತಿಂಗಳು ಬಂದು, ಅಷ್ಟು ಬಿಡುವು ನಿಮಗಿಲ್ಲ ಅನಿಸಿದರೆ, ಕತ್ತರಿಸಿ. ಹೌದು, ಕತ್ತರಿಸಿ. ಹೊಲಿಗೆ ಆದ ಭಾಗವನ್ನು ಬೇರೆ ಮಾಡಿ, ಕತ್ತರಿಸಿದ ಕಡೆ ಎರಡು ಇಂಚಿನ ಪಟ್ಟಿ ಮಡಚಿ ಅಂಚು ಕಟ್ಟಿ. ನನ್ನ ಡಬಲ್ ಕಾಟಿನ ಕೌದಿಯಿಂದ ಎರಡು ಸಣ್ಣ ಕೌದಿ ಬಂದವು. ಕತ್ತರಿ ಇಡುವಾಗ ಕೈ ನಡುಗಿತ್ತು, ಅಜ್ಜಿಯ ಸೀರೆ ಅಂತ. ಆದರೆ ಕಪಾಟಿನ ಮೇಲೆ ಅದು ಯಾರನ್ನೂ ಬೆಚ್ಚಗಿಟ್ಟಿರಲಿಲ್ಲ. ಈಗ ಒಂದು ತಂಗಿಯ ಮಗಳ ತೊಟ್ಟಿಲಲ್ಲಿದೆ.

ಅರ್ಧ ಹೆಣೆದ ಸ್ವೆಟರಿಗೂ ಇದೇ ಮಾತು. ಸಾಲಿನ ನಡುವೆ ಎಂದೂ ನಿಲ್ಲಿಸಬೇಡಿ, ಕುಣಿಕೆಗಳು ಜಾರುತ್ತವೆ. ಕಡ್ಡಿಯ ನಂಬರ್ ಮತ್ತು ಮುಗಿದ ಸಾಲುಗಳ ಲೆಕ್ಕವನ್ನು ಚೀಟಿಯಲ್ಲಿ ಬರೆದು ಉಲ್ಲನ್ ಜೊತೆ ಇಡಿ. ನಮ್ಮಲ್ಲಿ ಸಿಗುವ 8ನೇ ನಂಬರ್ ಕಡ್ಡಿ 4 ಮಿ.ಮೀ., 10ನೇ ನಂಬರ್ ಮೂರೂಕಾಲು ಮಿ.ಮೀ. ಮರೆತು ಬೇರೆ ಕಡ್ಡಿ ಹಿಡಿದರೆ ಹೆಣಿಗೆಯ ಅಗಲವೇ ಬದಲಾಗುತ್ತದೆ. ಒಂದು ತೋಳು ಮುಗಿಸಿ ಇನ್ನೊಂದಕ್ಕೆ ಬೇಸರ ಬರುವುದು ಎಲ್ಲರಿಗೂ ಇದ್ದದ್ದೇ. ಎರಡು ಉಂಡೆ ಇಟ್ಟುಕೊಂಡು ಎರಡೂ ತೋಳನ್ನು ಒಂದೇ ಜೋಡಿ ಕಡ್ಡಿಯ ಮೇಲೆ ಒಟ್ಟಿಗೆ ಹೆಣೆಯಿರಿ. ಒಂದೇ ಸಲ ಮುಗಿಯುತ್ತವೆ, ಉದ್ದವೂ ಒಂದೇ ಬರುತ್ತದೆ.

ಕೊನೆಯ ತುಂಡು

ನಡುವಿನಲ್ಲಿ ಅಂಗೈಯಷ್ಟು ಜಾಗ ಉಳಿದಾಗ ಅಜ್ಜಿ ಹೊಲಿಗೆ ನಿಲ್ಲಿಸಿ ಅಡಿಗೆಮನೆಗೆ ಹೋಗುತ್ತಿದ್ದರು. ಜೋಳದ ರೊಟ್ಟಿಯ ಒಂದು ಒಣ ಚೂರು, ಒಂದು ಚಿಟಿಕೆ ಸಕ್ಕರೆ ತಂದು ಕೊನೆಯ ತುಂಡಿನ ಕೆಳಗಿಟ್ಟು ಹೊಲಿಯುತ್ತಿದ್ದರು. "ಕೌದಿ ಹೊಟ್ಟಿ ಹಸಿದಿರಬಾರದು" ಅನ್ನುತ್ತಿದ್ದರು. ಇರುವೆ ಬರಬಾರದು ಅಂತ ನಾನು ಐದು ಜೋಳದ ಕಾಳು ಇಟ್ಟೆ. ಬೆರಳಿನಿಂದ ಒತ್ತಿದರೆ ಈಗಲೂ ಕೈಗೆ ಸಿಗುತ್ತವೆ.

ಕೊನೆಯ ಗಂಟನ್ನು ಮೂರು ಸಲ ಅಲ್ಲೇ ಹಾಕಿ, ದಾರದ ತುದಿಯನ್ನು ಪದರದೊಳಗೆ ಒಂದು ಇಂಚು ಓಡಿಸಿ ಕತ್ತರಿಸಿ. ಆಮೇಲೆ ಕಚ್ಚಾ ಹೊಲಿಗೆಯ ದಾರಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಮೊದಲ ಒಗೆತ ತಣ್ಣೀರಿನಲ್ಲಿ, ಕೈಯಲ್ಲಿ, ಹಿಂಡದೆ ಒತ್ತಿ. ಒಂದೇ ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಅಕ್ಕಪಕ್ಕ ಎರಡು ಹಗ್ಗ ಕಟ್ಟಿ, ಅವುಗಳ ಮೇಲೆ ಅಗಲವಾಗಿ ಹರಡಿ ನೆರಳಿನಲ್ಲಿ ಒಣಗಿಸಿ.